ಮೊಳೆಯಣ್ಣನ ಅಡುಗೆಕಟ್ಟೆ

ಅಡುಗೆಕಟ್ಟೆಯ ಕಲ್ಲು ಮುರಿದು ಬಿದ್ದ ದಿನ ಆ ಮನೆಯಲ್ಲಿ ಜಗಳ ಆಗಲಿಲ್ಲ. ಆಗಿದ್ದರೆ ಮೊಳೆಯಣ್ಣನಿಗೆ ಎಷ್ಟೋ ಹಗುರವೆನಿಸುತ್ತಿತ್ತು. ಜಗಳವಾದರೆ ಯಾವ ಮಾತಿಗೆ ಯಾವ ಮಾತು ಬಂತು, ಎಲ್ಲಿಂದ ಹಿಂದೆ ಸರಿಯಬೇಕು ಎಂಬುದಾದರೂ ತಿಳಿಯುತ್ತದೆ. ಅಂದು ಅವನ ಹೆಂಡತಿ ಕುದಿಯುವ ನೀರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಪಕ್ಕಕ್ಕಿಟ್ಟಳು. ಕಲ್ಲು ನಡುವೆ ಎರಡಾಗಿ ಕುಸಿಯಿತು. ಪಾತ್ರೆ ಅವಳ ಕಾಲ್ಬೆರಳಿಗೆ ಇನ್ನೇನು ತಾಗಿತು ಎನ್ನುವಷ್ಟು ಹತ್ತಿರದಲ್ಲಿ ಬಿದ್ದು ಉರುಳಿತು. ನೀರು ಹಬೆಯಾಡುತ್ತ ನಡುಮನೆಗೆ ಹರಿದು ಬಂದಾಗ ಅವನು ಪೇಪರನ್ನು ಕೈಯಲ್ಲೇ ಹಿಡಿದು, ಕುರ್ಚಿಯ ಮೇಲೆ ಕಾಲೆತ್ತಿ ಕೂತ.

ಕಲ್ಲು ಬಿರುಕು ಬಿಟ್ಟಿದ್ದನ್ನು ಅವಳು ಎಂದೋ ತೋರಿಸಿದ್ದಳು. “ರೀ, ಇದು ದಿನಾ ದೊಡ್ಡದಾಗ್ತಿದೆ” ಎಂದಾಗಲೆಲ್ಲ ಅವನು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಬಿರುಕನ್ನು ಒಂದು ಸಾಲಿನಂತೆ ಓದಿ, “ನೋಡೋಣ” ಎನ್ನುತ್ತಿದ್ದ. ನೋಡುವುದೇನೋ ನೋಡಿದ್ದ. ನೋಡಿದ ಮೇಲೆ ಏನು ಮಾಡಬೇಕೆಂಬುದು ಹೊಳೆದಿರಲಿಲ್ಲ.

ಅವಳು ಚೂರುಗಳನ್ನು ಗುಡಿಸಿ ಮೂಲೆಗೆ ಹಾಕಿದಳು. ನೆಲ ಒರೆಸಿದಳು. ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬಿಕೊಂಡು ಬಂದು ಚಪ್ಪಲಿ ಮೆಟ್ಟಿದಳು.

“ಅಕ್ಕನ ಮನೇಲಿರ್ತೀನಿ.”

“ಯಾವಾಗ ಬರ್ತೀಯ?”

“ನೋಡೋಣ.”

ತನ್ನದೇ ಮಾತು ಬಾಗಿಲಲ್ಲಿ ನಿಂತು ತನ್ನನ್ನೇ ನೋಡಿದಂತೆ ಅವನಿಗಾಯಿತು. ಅದು ಕೋಪವೋ, ತಮಾಷೆಯೋ, ಅಥವಾ ಅವಳೂ ನಿಜವಾಗಿ ನೋಡಬೇಕೆಂದಿದ್ದಾಳೋ ತಿಳಿಯದೆ, ಅವಳು ಬೀದಿಯ ತಿರುವು ದಾಟಿದ ಮೇಲೂ ಒದ್ದೆ ನೆಲದ ಮೇಲೆ ನಿಂತೇ ಇದ್ದ.

ಮೊಳೆಯಣ್ಣ ಎಂಬ ಹೆಸರು ಅವನಿಗೆ ಬಂದದ್ದು ಅಚ್ಚುಕೂಟದಲ್ಲಿ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಮಾಡಿ, ಸಾಲುಗಳನ್ನು ಪುಟವಾಗಿ ಕಟ್ಟುವುದು ಅವನ ಕೆಲಸ. ಮೀಸೆ ಮೂಡುವ ಮೊದಲೇ ಸೇರಿದವನು ತಲೆ ನರೆಯುವವರೆಗೆ ಅದೊಂದನ್ನೇ ಮಾಡಿದ. ಅಚ್ಚುಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿರುತ್ತದೆ. ಕಾಗದಕ್ಕೆ ಒತ್ತಿದಾಗ ನೆಟ್ಟಗಾಗುತ್ತದೆ. ಹೀಗಾಗಿ ಓದುವವರಿಗೆಲ್ಲ ಎಡಕ್ಕೆ ಕಾಣುವುದು ಅವನ ಕೈಯಡಿಯಲ್ಲಿ ಬಲಕ್ಕಿರುತ್ತಿತ್ತು. ಕೆಲಸ ಮುಗಿಸಿ ಬೀದಿಗೆ ಬಂದರೂ ಆ ಅಭ್ಯಾಸ ಹಿಂದೆಯೇ ಬರುತ್ತಿತ್ತು. ದಾರಿ ಕೇಳಿದವರಿಗೆ “ಎಡಕ್ಕೆ ತಿರುಗಿ” ಎಂದು ಬಲಗೈ ಚಾಚುತ್ತಿದ್ದ. ಅವರು ಕೈಯನ್ನು ನಂಬಬೇಕೋ ಬಾಯನ್ನು ನಂಬಬೇಕೋ ತಿಳಿಯದೆ ಮುಂದಿನ ಅಂಗಡಿಯಲ್ಲಿ ಮತ್ತೆ ಕೇಳುತ್ತಿದ್ದರು. “ಇವರು ಹೇಳಿದ್ದಕ್ಕೆ ಉಲ್ಟಾ ಹೋದ್ರೆ ಮನೆ ಸಿಗತ್ತೆ” ಎಂದು ಹೆಂಡತಿ ನಗುತ್ತಿದ್ದಳು.

ಕಂಪ್ಯೂಟರು ಬಂತು, ಅಚ್ಚುಕೂಟ ಮುಚ್ಚಿತು. ಮಾಲೀಕರ ಮಕ್ಕಳು ಸೀಸವನ್ನು ಕರಗಿಸುವವರಿಗೆ, ಮರದ ಸಾಮಾನನ್ನು ಗುಜರಿಯವನಿಗೆ ಕೊಟ್ಟು ಕಟ್ಟಡ ಖಾಲಿ ಮಾಡಿದರು. ಮೊಳೆಯಣ್ಣ ಮನೆಗೆ ಬಂದು ನಡುಮನೆಯ ಕುರ್ಚಿಯಲ್ಲಿ ಕೂತ. ಒಳಗೆ ಅಡುಗೆಮನೆ ಅವಳದು, ಹೊರಗೆ ಕುರ್ಚಿ ಅವನದು. ಅವುಗಳ ನಡುವೆ ಬಾಗಿಲಿಲ್ಲದ ಒಂದು ಚೌಕಟ್ಟು. ಅದನ್ನು ದಾಟುವ ಕೆಲಸ ಅವನಿಗೆ ಬೀಳುತ್ತಿರಲಿಲ್ಲ. ಚಹಾ ತಾನಾಗಿ ಈಚೆ ಬರುತ್ತಿತ್ತು, ಲೋಟ ತಾನಾಗಿ ಆಚೆ ಹೋಗುತ್ತಿತ್ತು.

ಈಗ ಲೋಟ ಎಲ್ಲಿಟ್ಟರೆ ಅಲ್ಲೇ ಇರುತ್ತಿತ್ತು.

ಪಕ್ಕದ ಮನೆಯ ಬೀದಿಬದಿಯ ಕೋಣೆಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಅವನಿಗೆ ಸುದ್ದಿ ಹೇಳಿದಳು. ಮಿಷನ್ನು ತುಳಿಯುತ್ತಲೇ ಕಿಟಕಿಯಿಂದ ಕೂಗಿದಳು:

“ನಿಮ್ಮ ಅತ್ತಿಗೆ ಮಂಚ ಮಾಡಿಸ್ತಿದಾರೆ, ಗೊತ್ತಾಯ್ತಾ?”

ಅತ್ತಿಗೆ ಎಂದರೆ ಹೆಂಡತಿಯ ಅಕ್ಕ. ಗಂಡ ತೀರಿಕೊಂಡ ಮೇಲೆ ಎರಡು ಬೀದಿ ಆಚೆಯ ಮನೆಯಲ್ಲಿ ಒಬ್ಬಳೇ ಇದ್ದವಳು.

“ಯಾರಿಗೆ ಮಂಚ?”

“ಯಾರಿಗೆ ಅಂದ್ರೆ? ನಂಗಾ? ತಂಗಿಗೆ! ಹಾಸಿಗೆಗೆ ಹೊದಿಕೆ ಹೊಲಿಯೋಕೆ ನಂಗೇ ಕೊಟ್ಟಿದಾರೆ. ‘ನಂಗೂ ಜೊತೆ, ಅವಳಿಗೂ ನೆಮ್ಮದಿ, ಇಬ್ರೂ ಇದ್ದುಬಿಡ್ತೀವಿ’ ಅಂದ್ರು. ಮುಂದಿನ ವಾರ ಬರತ್ತಂತೆ.”

ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ಬೆಳಗಾದರೆ ಎದ್ದು ಹೊರಡಬಹುದು. ಮಂಚ ಬಂದ ಮೇಲೆ ಹೊರಡುವುದು ಕಷ್ಟ. ಅದೊಂದು ಮಾತ್ರ ಮೊಳೆಯಣ್ಣನಿಗೆ ಯಾವ ಗೊಂದಲವೂ ಇಲ್ಲದೆ ಅರ್ಥವಾಯಿತು. ಮಂಚ ಬರುವುದರೊಳಗೆ ಅಡುಗೆಕಟ್ಟೆ ಆಗಬೇಕು. ಅವಳು ಬಂದು ನಿಲ್ಲುವಂತಿರಬೇಕು. ಇಲ್ಲದಿದ್ದರೆ ಅವಳು ಬರುವುದಿಲ್ಲ.

ಅವನು ನೇರ ಗುಜರಿಯವನ ಅಂಗಳಕ್ಕೆ ಹೋದ. ತಗಡಿನ ಮಾಡಿನ ಕೆಳಗೆ ಹಳೆಯ ಬಾಗಿಲುಗಳು, ಕಿಟಕಿಯ ಚೌಕಟ್ಟುಗಳು, ಕಾಲಿಲ್ಲದ ಬೆಂಚುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಅವುಗಳ ಹಿಂದೆ ಅಚ್ಚುಕೂಟದ ಉದ್ದನೆಯ ಮೇಜು. ಪುಟ ಕಟ್ಟಿ ಕಟ್ಟಿ ಮಸಿಯ ಬಣ್ಣಕ್ಕೆ ತಿರುಗಿದ್ದ ಹಲಗೆಗಳು. ಅದರ ಮೇಲೆ ಅಚ್ಚುಮೊಳೆ ಹಾಕಿಡುತ್ತಿದ್ದ ಚಪ್ಪಟೆ ಪೆಟ್ಟಿಗೆಗಳು, ಒಳಗೆಲ್ಲ ಚಿಕ್ಕ ಚಿಕ್ಕ ಗೂಡುಗಳು. ಮೊಳೆಯಣ್ಣ ಒಂದು ಗೂಡಿಗೆ ಬೆರಳು ಹಾಕಿ, ಖಾಲಿಯಾಗಿದ್ದರಿಂದ ಕೂಡಲೇ ತೆಗೆದ.

“ಎಲ್ಲರೂ ಕಲ್ಲು ಹಾಕಿಸ್ತಾರೆ, ನಿಮಗೇನಣ್ಣ ಮರ?” ಎಂದ ಗುಜರಿಯವನು.

“ಕಲ್ಲು ಮುರೀತಲ್ಲ.”

“ಮರ ಮುರಿಯಲ್ವಾ?”

“ಮರ ಮುರಿಯೋಕೆ ಮುಂಚೆ ಸದ್ದು ಮಾಡತ್ತೆ. ಕಲ್ಲು ಏನೂ ಹೇಳಲ್ಲ.”

“ಅಮ್ಮಾವ್ರು ಹೇಳಿದ್ರಂತಲ್ಲ ಕಲ್ಲಿನ ಪರವಾಗಿ?” ಎಂದು ಗುಜರಿಯವನು ನಕ್ಕ. ಆ ಬೀದಿಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತಿತ್ತು. “ಹೋಗ್ಲಿ ಬಿಡಿ. ಮೊಳೆಯಣ್ಣ ಅಂತ ಹೆಸರು, ಗೋಡೆಗೆ ಒಂದು ಮೊಳೆ ಹೊಡೆದಿದ್ದೀರಾ ಈ ಜನ್ಮದಲ್ಲಿ?”

“ನಮ್ಮದು ಹೊಡೆಯೋದಲ್ಲಪ್ಪ, ಜೋಡಿಸೋದು.”

“ಹಂಗಾದ್ರೆ ಇದನ್ನೂ ಜೋಡಿಸಿ ನೋಡಿ,” ಎಂದು ಅವನು ಮರದ ಜೊತೆಗೆ ತನ್ನ ಗರಗಸ, ಉಳಿ, ಹತ್ತರಿಯನ್ನೂ ತಳ್ಳುಗಾಡಿಗೆ ಹೇರಿದ.

ಮೊದಲು ಶೆಲ್ಫು ಮಾಡಿದ. ಅದು ಸುಲಭವೆಂದು ತೋರಿತ್ತು. ಚಪ್ಪಟೆ ಪೆಟ್ಟಿಗೆಗಳನ್ನು ಎತ್ತಿ ನಿಲ್ಲಿಸಿ, ಅಡ್ಡಪಟ್ಟಿಗಳನ್ನು ಒಂದು ಬಿಟ್ಟು ಒಂದರಂತೆ ಕಿತ್ತು ಡಬ್ಬಿ ಹಿಡಿಯುವಷ್ಟು ಜಾಗ ಮಾಡಿದ. ಉಪ್ಪುಕಾಗದದಿಂದ ಉಜ್ಜಿದಾಗ ಮಸಿಯ ಕೆಳಗಿನಿಂದ ಜೇನಿನ ಬಣ್ಣದ ಮರ ಮೆಲ್ಲನೆ ಮೇಲೆ ಬಂತು. ಅಡುಗೆಮನೆಯ ಎಡಗೋಡೆಗೆ, ಸಿಂಕು ಬರಬೇಕಾದ ಜಾಗದ ಮೇಲ್ಗಡೆ, ಶೆಲ್ಫನ್ನು ಸ್ಕ್ರೂ ಹಾಕಿ ಬಿಗಿದ. ದೂರ ನಿಂತು ನೋಡಿದ. ನೆಟ್ಟಗಿತ್ತು. ಅವನಿಗೆ ಅವನ ಮೇಲೇ ನಂಬಿಕೆ ಬಂತು.

ಡಬ್ಬಿಗಳನ್ನು ಇಡುವಾಗ ಕಷ್ಟ ಶುರುವಾಯಿತು. ಅಚ್ಚುಕೂಟದಲ್ಲಿ ಹೆಚ್ಚು ಬೇಕಾಗುವ ಅಕ್ಷರ ಕೈಗೆ ಹತ್ತಿರದ ಗೂಡಿನಲ್ಲಿ, ಅಪರೂಪದ ಒತ್ತಕ್ಷರ ದೂರದ ಮೂಲೆಯಲ್ಲಿ. ಆ ಲೆಕ್ಕದಲ್ಲೇ ಡಬ್ಬಿ ಇಡೋಣವೆಂದುಕೊಂಡ. ಆದರೆ ಅವಳ ಕೈಗೆ ಹೆಚ್ಚು ಬೇಕಾಗುವುದು ಯಾವುದು? ಉಪ್ಪೋ, ಸಕ್ಕರೆಯೋ, ಚಹಾಪುಡಿಯೋ? ಒಂದು ಡಬ್ಬಿ ತೆರೆದ, ಬಿಳಿ ಪುಡಿ. ಇನ್ನೊಂದು ತೆರೆದ, ಅದೂ ಬಿಳಿ. ಮೂರನೆಯದನ್ನು ನಾಲಿಗೆಗೆ ತಾಗಿಸಿ ನೋಡಿದ. ಅದು ಬಟ್ಟೆ ಒಗೆಯುವ ಸೋಡ. ಬಾಯಿ ತೊಳೆದುಕೊಂಡು ಬಂದು ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ಇಟ್ಟ. ನೋಡಲು ಚೆನ್ನಾಗಿತ್ತು. ಅಡುಗೆ ಮಾಡುವವರಿಗೆ ಅದರಿಂದ ಏನು ಉಪಯೋಗವೆಂದು ಮಾತ್ರ ತಿಳಿಯಲಿಲ್ಲ.

ಆಮೇಲೆ ಕಟ್ಟೆ. ಮೇಜಿನ ಉದ್ದ ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಒಂದು ಮಾಡಬೇಕು, ಹಿಂಬದಿಗೆ ಅಡ್ಡಪಟ್ಟಿ ಹಾಕಿ ಬಿಗಿಯಬೇಕು, ಸಿಂಕು ಕೂರಲು ಒಂದು ಕಡೆ ತೂತು ಕೊರೆಯಬೇಕು. ನೀರು ಹೋಗುವ ಪೈಪು ಗೋಡೆಯ ಎಡತುದಿಯಲ್ಲಿತ್ತು. ಸಿಂಕು ಎಡಕ್ಕೆ, ಒಲೆ ಬಲಕ್ಕೆ. ಹಳೆಯ ಕಲ್ಲಿನಲ್ಲೂ ಹಾಗೇ ಇತ್ತು. ಒಂದು ದೊಡ್ಡ ಕಾಗದದ ಮೇಲೆ ನಕ್ಷೆ ಬರೆದ. ಆಮೇಲೆ ನಡುಮನೆಯ ನೆಲದ ಮೇಲೆ ಹಲಗೆಗಳನ್ನು ಬೋರಲು ಹಾಕಿಕೊಂಡ.

ಬೋರಲು ಹಾಕಿದ ಮೇಲೆ ಮೇಲ್ಮುಖದ ಎಡ ಹಿಂಬದಿಯಲ್ಲಿ ಬಲವಾಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಎಡವುತ್ತಿದ್ದರು. ಮೊಳೆಯಣ್ಣ ಎಡವಲಿಲ್ಲ. ‘ಇಲ್ಲೇ ನೋಡು ಜನ ತಪ್ಪು ಮಾಡೋದು’ ಎಂದು ಹೆಮ್ಮೆಯಿಂದ ಅಂದುಕೊಂಡು, ನಕ್ಷೆಯಲ್ಲಿದ್ದುದನ್ನು ಮನಸ್ಸಿನಲ್ಲೇ ತಿರುಗಿಸಿ ಹಲಗೆಯ ಮೇಲೆ ಗುರುತು ಹಾಕಿದ. ಕೊರೆದ. ಪಟ್ಟಿಗಳಿಗೆ ಅಂಟು ಬಳಿದು ಬಿಗಿದ.

ಎತ್ತಿ ಇಡಲು ಗುಜರಿಯವನು ಬಂದ. ಇಬ್ಬರೂ ಉಸಿರು ಬಿಗಿಹಿಡಿದು ಹಲಗೆಯನ್ನು ಮಗುಚಿ, ಅಡುಗೆಮನೆಗೆ ಹೊತ್ತು, ಮರದ ಕಾಲುಗಳ ಮೇಲೆ ಕೂರಿಸಿದರು. ಎರಡು ಗೋಡೆಗಳ ನಡುವೆ ಅದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು.

“ಭಲೇ!” ಎಂದ ಗುಜರಿಯವನು. ಆಮೇಲೆ ಗೋಡೆ ನೋಡಿದ, ಹಲಗೆ ನೋಡಿದ. “ಅಣ್ಣ, ನೀರು ಹೋಗೋ ಪೈಪು ಎಡಕ್ಕಿದೆ.”

“ಹೌದು.”

“ತೂತು ಬಲಕ್ಕಿದೆ.”

ಮೊಳೆಯಣ್ಣ ಹೋಗಿ ನಕ್ಷೆ ತಂದ. ನಕ್ಷೆಯಲ್ಲೇ ಸಿಂಕು ಬಲಕ್ಕಿತ್ತು. ಅಚ್ಚುಕೂಟದ ಅಭ್ಯಾಸದಲ್ಲಿ ಅವನ ಕೈ ಕಾಗದದ ಮೇಲೇ ಎಲ್ಲವನ್ನೂ ತಿರುಗಿಸಿ ಬರೆದಿತ್ತು. ಅದನ್ನು ಹಾಗೇ ಹಲಗೆಗೆ ಇಳಿಸಿದ್ದರೆ ಸರಿಯಾಗುತ್ತಿತ್ತು. ಕೈ ಒಮ್ಮೆ ತಿರುಗಿಸಿದ್ದನ್ನು ತಲೆ ಇನ್ನೊಮ್ಮೆ ತಿರುಗಿಸಿತ್ತು.

“ಸುತ್ತ ತಿರುಗಿಸಿ ಇಟ್ರೆ?” ಎಂದ ಗುಜರಿಯವನು.

“ತೂತು ಮುಂದಿನ ಅಂಚಿಗಿದೆ. ತಿರುಗಿಸಿದ್ರೆ ಗೋಡೆಗೆ ಹೋಗತ್ತೆ. ಪಾತ್ರೆ ತೊಳೆಯೋಕೆ ಕಟ್ಟೆ ಹತ್ತಿ ಕೂರಬೇಕು.”

“ಮಗುಚಿ ಹಾಕಿದ್ರೆ?”

“ಪಟ್ಟಿಗಳು ಮೇಲೆ ಬರ್ತವೆ. ಅಂಟು ಒಣಗಿ ಕಲ್ಲಾಗಿದೆ.”

“ಹಂಗಾದ್ರೆ ಅಮ್ಮಾವ್ರನ್ನೇ ತಿರುಗಿಸಬೇಕು,” ಎಂದು ಗುಜರಿಯವನು ನಕ್ಕ. ಮೊಳೆಯಣ್ಣ ನಗದಿದ್ದುದನ್ನು ಕಂಡು ಗಂಭೀರನಾದ. “ತಲೆ ಕೆಡಿಸ್ಕೋಬೇಡಿ. ಪೈಪನ್ನ ಕೆಳಗಿಂದ ಈ ಕಡೆಗೆ ಎಳೀಬಹುದು, ನನ್ನ ಭಾವಮೈದ ಮಾಡ್ತಾನೆ. ಆದ್ರೆ ಒಂದು ವಿಷಯ. ಬಲಗೈಯವರಿಗೆ ನೀರು ಎಡಕ್ಕಿರಬೇಕು, ಒಲೆ ಬಲಕ್ಕಿರಬೇಕು. ತೊಳೆಯೋದು, ಹೆಚ್ಚೋದು, ಪಾತ್ರೆಗೆ ಹಾಕೋದು, ಹಂಗೆ ಸಾಗತ್ತೆ. ಎಡಗೈಯವರಿಗೆ ಇದರ ಉಲ್ಟಾ. ಅಮ್ಮಾವ್ರದು ಎಡಗೈ ಆಗಿದ್ರೆ ನೀವು ಮಾಡಿದ್ದೇ ಸರಿ. ಬಲಗೈ ಆಗಿದ್ರೆ ಈ ಹಲಗೆ ಕಿತ್ತು ಬೇರೆ ಮಾಡಿ, ಇನ್ನೆರಡು ಬಾಗಿಲು ಕೊಡ್ತೀನಿ. ಯಾವ ಕೈ ಅಮ್ಮಾವ್ರದು?”

“ಆಮೇಲೆ ಹೇಳ್ತೀನಿ,” ಎಂದ ಮೊಳೆಯಣ್ಣ, ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತ.

ಗುಜರಿಯವನು ಹೋದ ಮೇಲೆ ಅವನು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಅವಳು ಕಂಡಳು. ಚಹಾ ತಂದು ಕೊಡುತ್ತಿದ್ದಳು. ಲೋಟ ಈ ಕಡೆಯ ಕೈಯಲ್ಲಿತ್ತು. ಈ ಕಡೆ ಎಂದರೆ ಅವನ ಎಡಕ್ಕೆ. ಅವಳು ಎದುರಿಗೆ ನಿಂತಿದ್ದರೆ ಅದು ಅವಳ ಬಲಗೈ. ಆದರೆ ನೆನಪಿನಲ್ಲಿ ಅವಳು ಎದುರಿಗೆ ನಿಂತಿದ್ದಾಳೋ, ಅಥವಾ ಎಲ್ಲವನ್ನೂ ತಿರುಗಿಸಿ ಜೋಡಿಸುವ ತನ್ನ ತಲೆ ಅವಳನ್ನೂ ತಿರುಗಿಸಿ ನಿಲ್ಲಿಸಿದೆಯೋ? ಅವಳ ಮುಖ ಚೆನ್ನಾಗಿ ಕಂಡಿತು. ಹುಬ್ಬಿನ ಪಕ್ಕದ ಚಿಕ್ಕ ಗಾಯದ ಗುರುತೂ ಕಂಡಿತು. ಕೈಗಳು ಮಾತ್ರ ನೋಡಿದಷ್ಟೂ ಜಾಗ ಬದಲಿಸುತ್ತಿದ್ದವು. ಎದ್ದು ಗೋಡೆಯ ಮೇಲಿದ್ದ ಮದುವೆಯ ಫೋಟೋ ನೋಡಿದ. ಅದರಲ್ಲಿ ಅವಳು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಿದ್ದಳು.

ಬೇರೆ ಊರಿನಲ್ಲಿದ್ದ ಮಗಳಿಗೆ ಫೋನು ಮಾಡಿದ.

“ಅಮ್ಮನದಾ? ಬಲಗೈ ಅಲ್ವಾ? ತಡೀರಿ ಅಪ್ಪ... ನಂಗೆ ಹೊಡೀತಿದ್ದಿದ್ದು ಎಡಗೈಲಿ.”

“ಸರಿಯಾಗಿ ನೆನಪಿದ್ಯಾ?”

“ಬಿದ್ದಿದ್ದು ಈ ಕೆನ್ನೆಗೆ, ನಂಗೆ ನೆನಪಿರಲ್ವಾ? ಆದ್ರೆ ಆಗ ಇನ್ನೊಂದು ಕೈಲಿ ಸೌಟು ಇರ್ತಿತ್ತು. ಖಾಲಿ ಇದ್ದ ಕೈಲಿ ಹೊಡೆದಿರಬಹುದು. ನನ್ನ ಯಾಕೆ ಕೇಳ್ತೀರಿ? ನೀವಲ್ವಾ ಇಷ್ಟು ವರ್ಷ ಜೊತೇಲಿದ್ದವರು?”

“ಜೊತೇಲಿದ್ದೆ. ಅಡುಗೆಮನೇಲಿರಲಿಲ್ಲ.”

“ಅಮ್ಮನಿಗೇ ಫೋನ್ ಮಾಡಿ ಕೇಳಿಬಿಡಿ ಅಪ್ಪ.”

“ಕೇಳಿದ್ರೆ ನಂಗೆ ಗೊತ್ತಿಲ್ಲ ಅನ್ನೋದು ಅವಳಿಗೆ ಗೊತ್ತಾಗತ್ತಲ್ಲ.”

ಉಳಿದವಳು ಟೈಲರಮ್ಮ. ಹೆಂಡತಿಯ ತೋಳಿನ ಅಳತೆ ಹಿಡಿದವಳು ಅವಳೊಬ್ಬಳೇ. ಮೊಳೆಯಣ್ಣ ಕಿಟಕಿಯ ಹತ್ತಿರ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದ. ಅವಳು ಮಿಷನ್ನು ನಿಲ್ಲಿಸಿದಳು.

“ಹೆಂಡ್ತಿ ಕೈ ಯಾವುದು ಅಂತ ಟೈಲರ್ ಹತ್ರ ಕೇಳ್ತೀರಲ್ಲ, ನಾಳೆ ಬಂದು ಮೂಗು ಎಲ್ಲಿದೆ ಅಂತ ಕೇಳಬೇಡಿ ಮತ್ತೆ. ಹೋಗಿ ಒಂದು ರವಿಕೆ ತನ್ನಿ.”

ತಂದ. ಒಗೆದು ಒಳಮೈ ಹೊರಗಾಗಿ ಮಡಚಿಟ್ಟದ್ದು. ಟೈಲರಮ್ಮ ಅದನ್ನು ತಿರುವಿ, ಅವನ ಎದೆಗೆ ಹಿಡಿದು ನೋಡಿದಳು. “ನೋಡಿ, ಒಂದು ತೋಳು ಯಾವಾಗ್ಲೂ ಚೂರು ಸಡಿಲ ಬಿಡಿಸ್ಕೋತಾರೆ. ಎಡದ್ದು.”

“ನಿಮ್ಮ ಎಡನಾ, ನನ್ನ ಎಡನಾ?”

“ಅಮ್ಮಾವ್ರ ಎಡ!”

“ಹಾಗಾದ್ರೆ ಎಡಗೈ.”

“ಇರಿ, ಇರಿ. ಹೊಲಿಗೆ ಸವೆದಿರೋದು ಬಲಗಡೆ. ಕಂಕುಳ ಹತ್ರ ನೋಡಿ, ದಾರ ಕಿತ್ತಿದೆ. ಆ ಕೈಯನ್ನೂ ಚೆನ್ನಾಗೇ ಆಡಿಸಿದಾರೆ.” ಟೈಲರಮ್ಮ ರವಿಕೆಯನ್ನು ಬೆಳಕಿಗೆ ಹಿಡಿದು ತಾನೂ ಯೋಚನೆಗೆ ಬಿದ್ದಳು. “ಇದೇನಿದು, ನಂಗೂ ತಿಳೀತಿಲ್ಲ. ನಾಳೆ ಬೆಳಿಗ್ಗೆ ಮಂಚ ಬರತ್ತಂತೆ. ಸುಮ್ನೆ ಹೋಗಿ ಕರ್ಕೊಂಡು ಬರಬಾರದಾ?”

ಕರೆದರೆ ಎಲ್ಲಿಗೆ ಕರೆಯುವುದು? ತಪ್ಪು ಕಡೆ ತೂತಿರುವ ಕಟ್ಟೆಗೋ? ಆದರೂ ಚಪ್ಪಲಿ ಮೆಟ್ಟಿದ. ಕೇಳುವುದು ಬೇಡ, ಹೋಗಿ ಸುಮ್ಮನೆ ನೋಡಿಕೊಂಡು ಬಂದರಾಯಿತು ಎಂದುಕೊಂಡ. ಅವಳು ಏನಾದರೂ ಹೆಚ್ಚುತ್ತಿರುತ್ತಾಳೆ, ಏನಾದರೂ ಕಲಸುತ್ತಿರುತ್ತಾಳೆ.

ಅವಳು ಏನೂ ಮಾಡುತ್ತಿರಲಿಲ್ಲ. ಅತ್ತಿಗೆಯ ಮನೆಯ ಸೋಫಾದ ಮೇಲೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. ಪಕ್ಕದ ಕೋಣೆಯಲ್ಲಿ ಮಂಚಕ್ಕೆಂದು ಸಾಮಾನು ಸರಿಸಿ ಜಾಗ ಮಾಡಿದ್ದು ಬಾಗಿಲಿನಿಂದಲೇ ಕಾಣುತ್ತಿತ್ತು.

“ಅವಳಿಗೆ ನಾನು ಏನೂ ಮಾಡೋಕೆ ಬಿಡಲ್ಲ,” ಎನ್ನುತ್ತ ಅತ್ತಿಗೆಯೇ ಚಹಾ ತಂದಳು. “ಅಲ್ಲಿ ಮಾಡಿದ್ದು ಸಾಕು.”

ಮೊಳೆಯಣ್ಣ ಹೆಂಡತಿಯ ಕೈಯನ್ನೇ ನೋಡಿದ. ಲೋಟ ಬಿಸಿಯಿದ್ದುದರಿಂದ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಏನ್ರೀ, ನನ್ನ ಕೈಯನ್ನೇ ನೋಡ್ತಿದ್ದೀರಾ?”

ಸುಳ್ಳು ಹೇಳೋಣವೆಂದರೆ ಯಾವುದೂ ಬಾಯಿಗೆ ಬರಲಿಲ್ಲ. “ನೀನು ತರಕಾರಿ ಹೆಚ್ಚೋದು ಯಾವ ಕೈಲಿ?” ಎಂದ.

ಅವಳು ಅವನನ್ನು ನೋಡಿದಳು. ಆ ನೋಟಕ್ಕೆ ಏನು ಹೆಸರೆಂದು ಅವನಿಗೆ ತಿಳಿಯಲಿಲ್ಲ.

“ಬಲಗೈಲಿ. ಇನ್ಯಾವ ಕೈಲಿ?” ಉತ್ತರ ಕೊಟ್ಟವಳು ಅತ್ತಿಗೆ. “ನಾನೇ ಕಲಿಸಿದ್ದು. ಅಷ್ಟೂ ಗೊತ್ತಿಲ್ವಾ ನಿಮಗೆ?”

ಹೆಂಡತಿ ಅಕ್ಕನ ಮಾತಿಗೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. “ಯಾಕೆ ಕೇಳಿದ್ರಿ?” ಎಂದಳು.

ಅವನು ಎಲ್ಲವನ್ನೂ ಹೇಳಿದ. ಅಚ್ಚುಕೂಟದ ಮೇಜು, ಬೋರಲು ಹಾಕಿದ ಹಲಗೆ, ಒಮ್ಮೆ ತಿರುಗಿದ್ದು, ಇನ್ನೊಮ್ಮೆ ತಿರುಗಿದ್ದು. ಸಿಂಕು ಈಗ ಯಾವ ಕಡೆ ಬಂದಿದೆ ಎಂದು ತೋರಿಸಲು ಎದ್ದು ನಿಂತ. “ನೀನು ಕಿಟಕಿ ಕಡೆ ಮುಖ ಮಾಡಿ ನಿಂತ್ರೆ ನಿನ್ನ ಬಲಕ್ಕೆ... ಅಂದ್ರೆ ನಾನು ಈಗ ನಿಂತಿರೋ ಹಾಗೆ ಅಲ್ಲ, ಹೀಗೆ...” ಎನ್ನುತ್ತ ಕೋಣೆಯ ನಡುವೆ ಸುತ್ತಿ ಸುತ್ತಿ, ಕೊನೆಗೆ ಶೋಕೇಸಿನ ಕಡೆ ಮುಖ ಮಾಡಿ ನಿಂತುಬಿಟ್ಟ.

“ಅಯ್ಯೋ ಸಾಕು, ಕೂತ್ಕೊಳ್ಳಿ, ನಂಗೆ ತಲೆ ಸುತ್ತು ಬರತ್ತೆ,” ಎಂದಳು ಅತ್ತಿಗೆ.

ಹೆಂಡತಿ ಲೋಟ ಕೆಳಗಿಟ್ಟಳು. “ಒಂದ್ಸಲ ನೋಡ್ಕೊಂಡು ಬರ್ತೀನಿ.”

“ನಾನೂ ಬರ್ತೀನಿ ನಡಿ. ಏನು ಮಾಡಿಟ್ಟಿದಾರೋ ಏನೋ.”

ಅಡುಗೆಮನೆಯಲ್ಲಿ ಮರದ ಪುಡಿಯ ವಾಸನೆ ಇತ್ತು. ಅದರ ಅಡಿಯಲ್ಲಿ ತೆಳ್ಳಗೆ ಮಸಿಯ ವಾಸನೆ. ಹೆಂಡತಿ ಕಟ್ಟೆಯ ಮೇಲೆ ಅಂಗೈ ಆಡಿಸುತ್ತ ಈ ತುದಿಯಿಂದ ಆ ತುದಿಗೆ ನಡೆದಳು. ಒಂದು ಕಡೆ ಮರ ಸವೆದು ತಗ್ಗಾಗಿತ್ತು. ಅವಳ ಕೈ ಅಲ್ಲಿ ಸ್ವಲ್ಪ ತಂಗಿತು. ಆ ತಗ್ಗು ಯಾರ ಮೊಣಕೈ ಒತ್ತಿ ಆದದ್ದೆಂದು ಹೇಳಲು ಮೊಳೆಯಣ್ಣನಿಗೆ ಮನಸ್ಸಾಯಿತು, ಧೈರ್ಯವಾಗಲಿಲ್ಲ.

“ಇದು ಮೇಜಾ, ಕಟ್ಟೆಯಾ?” ಎಂದಳು ಅತ್ತಿಗೆ.

“ಏನಾದ್ರೂ ಹೆಚ್ಚಿ ನೋಡೋಣ, ಕೊಡಿ,” ಎಂದಳು ಹೆಂಡತಿ. ಅವನು ಹುಡುಕಾಡಿ ಒಂದು ಸೌತೆಕಾಯಿ, ಒಂದು ಚಾಕು ತಂದುಕೊಟ್ಟು ಪಕ್ಕದಲ್ಲೇ ನಿಂತ. ಅವಳು ಚಾಕುವನ್ನು ಕಟ್ಟೆಯ ಮೇಲಿಟ್ಟು ನೋಡುತ್ತ ನಿಂತಳು. ಕೈ ಮುಂದೆ ಬಂತು, ಹಿಂದೆ ಹೋಯಿತು.

“ಹೀಗೆ ಕಣ್ಣು ಬಿಟ್ಕೊಂಡು ನಿಂತ್ರೆ ಯಾವ ಕೈ ತಾನೆ ಮುಂದೆ ಬರತ್ತೆ? ಆ ಕಡೆ ತಿರುಗಿ ನೀವು.”

ಅವನು ನಡುಮನೆಯ ಕಡೆ ತಿರುಗಿ ನಿಂತ. ಹಿಂದಿನಿಂದ ಚಾಕುವಿನ ಸದ್ದು ಬಂತು. ಟಕ್. ಟಕ್. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ಒಂದೊಂದು ಏಟೂ ಬೇರೆ ಬೇರೆ, ಸರಿಯಾಗಿ ಬರೆಯಬೇಕೆಂದು ನಾಲಿಗೆ ಕಚ್ಚಿಕೊಂಡು ಬರೆಯುವ ಮಗುವಿನ ಅಕ್ಷರದ ಹಾಗೆ.

“ಅಲ್ಲ,” ಎಂದ ಮೊಳೆಯಣ್ಣ.

“ಏನು ಅಲ್ಲ?”

“ಇದು ನೀನಲ್ಲ.”

“ಅವಳಲ್ದೆ ಇನ್ಯಾರು, ನಾನಾ?” ಎಂದಳು ಅತ್ತಿಗೆ. “ಕಣ್ಣೆದುರಿಗೆ ಬಲಗೈಲಿ ಹೆಚ್ಚುತಾ ಇದ್ದಾಳೆ!”

ಸದ್ದು ನಿಂತಿತು. ಹೆಂಡತಿಯ ದನಿ ಕೇಳಿತು: “ಅಕ್ಕ, ನಾವು ಗೇಟು ತೆಗೆದೇ ಬಂದ್ವಿ ಅನ್ಸತ್ತೆ. ನೋಡ್ಕೊಂಡು ಬರ್ತೀಯಾ?”

ಅತ್ತಿಗೆ ಗೊಣಗುತ್ತ ಅವನನ್ನು ದಾಟಿ ಹೊರಗೆ ಹೋದಳು. ಮೊಳೆಯಣ್ಣ ತಿರುಗಲಿಲ್ಲ. ಹಿಂದೆ ಏನೋ ಸರಿದ ಸದ್ದಾಯಿತು. ಆಮೇಲೆ ಚಾಕು ಮತ್ತೆ ಮರಕ್ಕೆ ಬಿತ್ತು. ಈ ಸಲ ಬೇಗಬೇಗ, ಹಗುರವಾಗಿ, ಒಂದಷ್ಟು ಏಟು ಒಟ್ಟಿಗೆ ಓಡಿ, ಚೂರುಗಳನ್ನು ಪಕ್ಕಕ್ಕೆ ತಳ್ಳಲು ಒಂದು ಕ್ಷಣ ನಿಂತು, ಮತ್ತೆ ಓಡುವ ಸದ್ದು. ಕಲ್ಲಿನ ಮೇಲೆ ಅದು ಗಟ್ಟಿಯಾಗಿರುತ್ತಿತ್ತು, ಮರದ ಮೇಲೆ ಮೆತ್ತಗಿತ್ತು. ಆದರೆ ಓಟ ಅದೇ. ಎಷ್ಟು ಬೆಳಗು ಅವನು ಪೇಪರು ಹಿಡಿದು ಈ ಸದ್ದಿನಲ್ಲಿ ಕೂತಿದ್ದ! ನೋಡಿರಲಿಲ್ಲ, ನಿಜ. ಆದರೆ ಕೇಳಿದ್ದ. ಕೇಳುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

“ಇದು ನೀನು,” ಎಂದ.

ಚಾಕು ನಿಲ್ಲಲಿಲ್ಲ. ಅದರ ನಡುವೆಯೇ ಅವಳು ಮಾತಾಡಿದಳು. “ಎಡಗೈ. ಚಿಕ್ಕವಳಿದ್ದಾಗ ಅಕ್ಕ ಈ ಕೈಗೆ ಬಟ್ಟೆ ಸುತ್ತಿ ಕಟ್ಟಿಬಿಡ್ತಿದ್ಲು, ಕೆಟ್ಟ ಅಭ್ಯಾಸ ಅಂತ. ಅದಕ್ಕೇ ಯಾರಾದ್ರೂ ನೋಡ್ತಿದ್ರೆ ಇವತ್ತಿಗೂ ಚಾಕು ತಾನಾಗೇ ಬಲಗೈಗೆ ಹೋಗತ್ತೆ. ಅವಳ ಮನೇಲಂತೂ ಲೋಟ ಹಿಡಿಯೋಕೂ ಯೋಚನೆ ಮಾಡಬೇಕು.”

“ನಂಗೆ ಯಾವತ್ತೂ ಹೇಳಲಿಲ್ಲವಲ್ಲ?”

“ನೀವು ಒಳಗೆ ಬಂದಿದ್ರೆ ನಿಮಗೂ ಬಲಗೈಯೇ ಕಾಣ್ತಿತ್ತು. ಬರ್ಲಿಲ್ಲ. ಅದಕ್ಕೇ ಈ ಕೈಗೆ ಇಲ್ಲಿ ಆರಾಮಿತ್ತು.”

ಅದು ದೂರೋ, ಉಪಕಾರ ಸ್ಮರಣೆಯೋ ಅವನಿಗೆ ಅರ್ಥವಾಗಲಿಲ್ಲ. ಬರದೇ ಇದ್ದದ್ದು ಒಳ್ಳೆಯದಾಯಿತೇ? ಹಾಗಾದರೆ ಇನ್ನು ಮುಂದೆ ಬರಬೇಕೇ, ಬಾರದೇ? ಕೇಳೋಣವೆಂದು ತಿರುಗಿದ. ಅವಳು ಅವನನ್ನು ನೋಡಿದಳು. ಚಾಕು ಎಡಗೈಯಲ್ಲೇ ಇತ್ತು.

“ಸಿಂಕು ಆ ಕಡೆ ಬಂದ್ರೆ ಒಲೆ ಈ ಕಡೆ ಬರತ್ತಲ್ವಾ?” ಎಂದಳು.

“ಹೌದು. ಎಡಗೈಗೆ ಅದೇ ಸರಿ ಅಂತೆ.”

“ಸರಿ. ಒಲೆ ಇಲ್ಲಿ.” ಚಾಕುವಿನ ತುದಿಯಿಂದ ಮೇಲೆ ತೋರಿಸಿದಳು. “ನೆತ್ತಿ ಮೇಲೆ ಮರದ ಶೆಲ್ಫು. ಅಡುಗೆ ಬೇಯಿಸ್ಬೇಕಾ, ಶೆಲ್ಫ್ ಬೇಯಿಸ್ಬೇಕಾ?”

ಮೊಳೆಯಣ್ಣ ಶೆಲ್ಫನ್ನು ನೋಡಿದ, ಕಟ್ಟೆಯನ್ನು ನೋಡಿದ. ಅದು ಅವನಿಗೂ ಹೊಳೆದಿರಲಿಲ್ಲ, ಗುಜರಿಯವನಿಗೂ ಹೊಳೆದಿರಲಿಲ್ಲ.

“ಡಬ್ಬಿಗಳನ್ನೆಲ್ಲ ಯಾಕೆ ಮೆರವಣಿಗೆ ನಿಲ್ಲಿಸಿದ್ದೀರಾ, ಕುಳ್ಳ ಉದ್ದ ನೋಡಿ?”

ಅಷ್ಟರಲ್ಲಿ ಅತ್ತಿಗೆ ಬಂದಳು. “ಗೇಟು ಹಾಕೇ ಇತ್ತಲ್ಲೇ. ಹೊರಡೋಣ್ವಾ? ಬೆಳಿಗ್ಗೆ ಮಂಚದವರು ಬೇಗ ಬರ್ತಾರೆ...” ಮಾತು ಅಲ್ಲೇ ನಿಂತಿತು. ತಂಗಿಯ ಎಡಗೈಯನ್ನು ನೋಡಿದಳು. ಬಾಯಿ ಏನೋ ಹೇಳಲು ತೆರೆಯಿತು. ತಂಗಿ ಚಾಕುವನ್ನು ಈ ಕೈಯಿಂದ ಆ ಕೈಗೆ ಬದಲಿಸಲಿಲ್ಲ. ಉಳಿದಿದ್ದ ಸೌತೆಕಾಯನ್ನು ಎಡಗೈಯಲ್ಲೇ ಪೂರ್ತಿ ಹೆಚ್ಚಿ, ಒಂದು ಚೂರನ್ನು ಅಕ್ಕನತ್ತ ಚಾಚಿದಳು. ಅತ್ತಿಗೆ ಅದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

“ನೀನು ಹೋಗಿರು ಅಕ್ಕ,” ಎಂದಳು ತಂಗಿ. “ಮಂಚ ಬಂದ್ರೆ ಕಿಟಕಿ ಹತ್ರ ಹಾಕಿಸ್ಕೋ, ನಿಂಗೆ ಗಾಳಿ ಬರತ್ತೆ. ನನ್ನ ಚೀಲ ಆಮೇಲೆ ಬಂದು ತಗೋತೀನಿ. ಇಲ್ಲಿ ಈ ಶೆಲ್ಫ್ ಬಿಚ್ಚಿ ಬೇರೆ ಗೋಡೆಗೆ ಹಾಕ್ಬೇಕು. ಇವರೊಬ್ಬರನ್ನೇ ಬಿಟ್ಟು ಬಂದ್ರೆ ಬಾಗಿಲಿಗೆ ಹೊಡೆದುಬಿಡ್ತಾರೆ.”

ಅತ್ತಿಗೆ ಬಾಯಲ್ಲಿದ್ದುದನ್ನು ಅಗಿಯುತ್ತಲೇ ನಿಂತಿದ್ದಳು. ಮೊಳೆಯಣ್ಣ ಶೆಲ್ಫಿನಿಂದ ಡಬ್ಬಿಗಳನ್ನು ಒಂದೊಂದಾಗಿ ಇಳಿಸತೊಡಗಿದ. ಸ್ಕ್ರೂ ಬಿಚ್ಚಲು ಕೈ ಹಾಕಿದವನು ತಡೆದು, “ಯಾವ ಗೋಡೆಗೆ?” ಎಂದು ಕೇಳಿದ.

ಅವಳು ಎಡ, ಬಲ ಯಾವುದನ್ನೂ ಹೇಳಲು ಹೋಗಲಿಲ್ಲ.

“ಖಾಲಿ ಇರೋ ಗೋಡೆಗೆ,” ಎಂದಳು.